ಟೊಪ್ಪಿಗೆ ತೆಗೆಸಿದ ಕಾಕಾ

ಎಲ್ಲ ಕೆಟ್ಟದ್ದು ಏಳು ಹತ್ತಕ್ಕೆ ಎಂದು ಆ ದಿನ ಅಲ್ಲಿದ್ದವರು ಈಗಲೂ ಹೇಳುತ್ತಾರೆ. ನನ್ನ ಪ್ರಕಾರ ಅದು ಬೆಳಗಿನ ಆರು ಐವತ್ತೈದು. ಆಗ ಕಾಕಾನ ಬಲಗೈ ಹೆಬ್ಬೆರಳು ನನ್ನ ನೆತ್ತಿಯ ಮೇಲಿತ್ತು. ಉಗುರಿನ ನಡುವೆ ಉದ್ದಕ್ಕೆ ಸೀಳಿದ್ದ, ಊರ ಮಂದಿಯ ಬಿಳಿಗೂದಲಿಗೆ ಬಣ್ಣ ಹಚ್ಚಿ ಹಚ್ಚಿ ಅಂಚು ಕಪ್ಪಾಗಿಹೋದ ಹೆಬ್ಬೆರಳು. ಬಾಚಣಿಕೆಗಿಂತ ಮೊದಲು ಅದು ಕೂದಲೊಳಗೆ ಇಳಿಯುತ್ತಿತ್ತು. ಆ ಹೆಬ್ಬೆರಳಿನ ಕೆಳಗೆ ಕೂತು ನಾನು ಬಾಯಿ ಬಿಟ್ಟೆ. ಬಿಡದಿದ್ದರೆ ಏಳು ಹತ್ತು ಎಂಬುದು ಬರೀ ಏಳು ಹತ್ತಾಗಿ ಉಳಿಯುತ್ತಿತ್ತು.

ಕಾಕಾ ನನ್ನ ಸಂಬಂಧಿಕರಲ್ಲ. ನಾನಿರುವ ಭೋಜದಿಂದ ನಿಪ್ಪಾಣಿಗೆ ಹೋಗುವ ದಾರಿಯಲ್ಲಿ, ರಸ್ತೆ ಎರಡಾಗಿ ಒಡೆಯುವ ಒಂದು ಫಾಟಾದಲ್ಲಿ ಅವರ ಕಟಿಂಗ್ ಅಂಗಡಿ ಇತ್ತು. ತಗಡಿನ ಪತ್ರಾದ ಮಾಡು, ಎರಡು ಕುರ್ಚಿ, ಎರಡು ಕನ್ನಡಿ. ಕನ್ನಡಿಗಳನ್ನು ಅವರು ನಂಬುತ್ತಿರಲಿಲ್ಲ. “ಕನ್ನಡಿ ನಿಮ್ಮ ಮಾರಿ ನೋಡಿ ಮಾತಾಡತೈತಿ. ನಾ ತಲಿ ನೋಡಿ ಮಾತಾಡ್ತೀನಿ” ಎನ್ನುತ್ತಿದ್ದರು.

ಅವರು ಎಣ್ಣೆಯನ್ನೂ ನಂಬುತ್ತಿರಲಿಲ್ಲ, ಎಣ್ಣೆ ಮಾರುವವನನ್ನೂ ನಂಬುತ್ತಿರಲಿಲ್ಲ. ಟೊಪ್ಪಿಗೆ ಹಾಕಿಕೊಂಡು ಒಳಗೆ ಬಂದವರನ್ನಂತೂ ಹೊಸ್ತಿಲಲ್ಲೇ ತಡೆಯುವರು. “ಟೊಪಗಿ ತೆಗೀರಿ ಮದಲ. ಆಮ್ಯಾಲೆ ಮಾತು.” ಟೊಪ್ಪಿಗೆ ಇಸಿದುಕೊಂಡು, ಒಳಗು ಹೊರಗು ಮಾಡಿ, ಬೆಳಕಿಗೆ ಹಿಡಿದು, ಮೂಸಿ ನೋಡಿ ತೀರ್ಪು ಕೊಡುವರು: “ಎಂಟ ದಿನಾ ಆತು ತಲಿ ತೊಳದು. ನಿನ್ನೆ ತೊಳದೀನಿ ಅಂತ ಮನ್ಯಾಗ ಸುಳ್ಳ ಹೇಳೀರಿ.”

ಒಮ್ಮೆ ಶೇಡಬಾಳದ ಕಡೆಯಿಂದ ಬಂದ ದ್ರಾಕ್ಷಿ ತೋಟದ ಸಾಹುಕಾರರೊಬ್ಬರು ಹೀಗೆ ಸಿಕ್ಕಿಬಿದ್ದು ನಗುತ್ತ, “ಕಾಕಾ, ನೀ ಪೊಲೀಸ್ ಆಗಬೇಕಾಗಿತ್ತ ನೋಡು” ಎಂದರು.

“ಅವರ ಮ್ಯಾಲೂ ನನಗ ಸಂಶಯ ಐತೆಪಾ” ಎಂದರು ಕಾಕಾ, ನಗದೆ.

ಅವರ ಸಂಶಯಕ್ಕೆ ಊರಲ್ಲಿ ಬೆಲೆ ಇತ್ತು. ಹೆಣ್ಣಿನ ಕಡೆಯವರು ವರನ ಬಗ್ಗೆ ವಿಚಾರಿಸಲು ಸದ್ದಿಲ್ಲದೆ ಮೊದಲು ಅವರ ಅಂಗಡಿಗೆ ಬರುತ್ತಿದ್ದರು. ಜನವರಿಯ ಚಳಿಯಲ್ಲಿ ಒಬ್ಬ ವರ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡೇ ಹೆಣ್ಣು ನೋಡಿ, ಹಾಕಿಕೊಂಡೇ ಅವಲಕ್ಕಿ ತಿಂದು ಎದ್ದುಹೋಗಿದ್ದನಂತೆ. ಮರುದಿನ ಹುಡುಗಿಯ ಅಜ್ಜಿಯೇ ಅಂಗಡಿಗೆ ಬಂದಳು. “ಹುಡುಗ ಛಲೋ ಅದಾನ. ಖರೆ, ಟೊಪಗಿ ಒಳಗ ಏನೈತಿ?”

ಕಾಕಾ ಹೇಳಲಿಲ್ಲ. “ಗಿರಾಕಿ ತಲಿ ನನ್ನ ಬಾಯಾಗ ಬರಂಗಿಲ್ಲ ಯವ್ವಾ. ನಿನಗ ಸಂಶಯ ಬಂದೈತಿಲ್ಲ, ಪೂರಾ ಪಡು. ಅರ್ಧ ಸಂಶಯ ಅಂದ್ರ ಅರ್ಧ ಬೋಳಿಸಿದ ತಲಿ ಇದ್ದಂಗ. ಮತ್ತೊಮ್ಮೆ ಕರಸು, ಟೊಪಗಿ ತೆಗಸು, ನಿನ್ನ ಕಣ್ಣಲೆ ನೋಡು.” ಅಜ್ಜಿ ಕರೆಸಿದಳು, ತೆಗೆಸಿದಳು, ನೋಡಿದಳು. ಮದುವೆಯೂ ಆಯಿತು. ಆ ಬೋಳು ತಲೆಯ ಅಳಿಯ ಈಗ ಅಜ್ಜಿಗೆ ಪ್ರಾಣ.

ನಾನು ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಎಂ.ಎಸ್ಸಿ., ಬಿ.ಎಡ್. ಕಣ್ಣಾರೆ ನೋಡಿದ್ದನ್ನು ಮಾತ್ರ ಬರೆಯಿರಿ, ಊಹೆ ಮಾಡಿದ್ದನ್ನು ಬರೆಯಬೇಡಿ ಎಂದು ಮಕ್ಕಳಿಗೆ ದಿನವೂ ಹೇಳುವವನು. ಚಳಿಗಾಲದಲ್ಲಿ ನದಿಯ ಮಂಜು ಕಬ್ಬಿನ ಮೇಲಿಂದ ರಸ್ತೆಗೆ ಇಳಿಯುತ್ತದೆ. ಗಾಡಿಯ ಮೇಲೆ ಟೊಪ್ಪಿಗೆ ಇಲ್ಲದೆ ಹೋದರೆ ಕಿವಿ ಕಳಚಿ ಬೀಳುತ್ತವೆ. ಹಾಕಿಕೊಂಡು ಹೋದರೆ ಕೂದಲು ನೆತ್ತಿಗೆ ಅಂಟಿ, ಕಿವಿಯ ಮೇಲೆ ಕೊಂಬಿನ ಹಾಗೆ ಎದ್ದು ನಿಲ್ಲುತ್ತದೆ. ಮೊದಲ ವರ್ಷದ ಡಿಸೆಂಬರಿನಲ್ಲೇ ಮಕ್ಕಳು ನನಗೆ ‘ರೊಟ್ಟಿ ಸರ್’ ಎಂದು ಹೆಸರಿಟ್ಟಿದ್ದರು. ಹಲಗೆಯ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ ರೊಟ್ಟಿ ತಟ್ಟುವ ಸದ್ದು.

ಇದನ್ನು ಕಾಕಾನಿಗೆ ಹೇಳಿಕೊಂಡೆ. ಅವರು ನನ್ನ ಟೊಪ್ಪಿಗೆಯನ್ನು ತಿರುಗಿಸಿ ನೋಡಿ, ನನ್ನನ್ನೂ ಅದೇ ದೃಷ್ಟಿಯಿಂದ ನೋಡಿದರು.

“ತಲಿ ತೊಳಕೊಂಡು ಹಸಿ ಇದ್ದಾಗ ಹಾಕ್ಕೊಂತೀರಿ. ಹೌದಲ್ಲೊ?”

“ಹೊತ್ತಾಗುತ್ತದೆ ಕಾಕಾ.”

“ಹಸಿ ತಲಿಗೆ ಟೊಪಗಿ ಅಂದ್ರ ಹಸಿ ಗ್ವಾಡಿಗೆ ಸುಣ್ಣ, ಮಾಸ್ತರ. ಹೆಂಗ ಒತ್ತತೈತಿ ಹಂಗ ಒಣಗತೈತಿ. ರಾತ್ರಿ ತೊಳೀರಿ. ಎಣ್ಣಿ ಎರಡ ಹನಿ, ಅದೂ ರಾತ್ರಿನ.”

ಆಮೇಲಿನ ಪಾಠಗಳು ಒಂದೊಂದಾಗಿ ಬಂದವು. ಟೊಪ್ಪಿಗೆ ಹಾಕುವ ಮುಂಚೆ ಕೂದಲನ್ನು ದಿನಾ ಬಾಚುವ ದಿಕ್ಕಿಗೆ ವಿರುದ್ಧವಾಗಿ ಬಾಚಬೇಕು. ತೆಗೆದ ಮೇಲೆ ಮತ್ತೆ ತನ್ನ ದಿಕ್ಕಿಗೆ ತಿರುಗಿಸಿದರೆ ಬುಡ ತಾನಾಗಿ ಎದ್ದು ನಿಲ್ಲುತ್ತದೆ. ತೆಗೆಯುವಾಗ ಮೇಲಕ್ಕೆ ಎಳೆಯಬಾರದು, ಹಿಂದಿನಿಂದ ಮುಂದಕ್ಕೆ ಸುರುಳಿ ಸುತ್ತಬೇಕು. ತೆಗೆದ ಕೂಡಲೆ ಬಾಚಣಿಕೆ ಮುಟ್ಟಬಾರದು, ತಲೆಯ ಕಾವು ಆರಲಿ, ಮೊದಲು ಬೆರಳು. ನೆತ್ತಿಯ ಮೇಲೆ ಒಂದು ಬೆರಳಿನಷ್ಟು ಉದ್ದ ಹೆಚ್ಚೇ ಬಿಡಬೇಕು. ಉಣ್ಣೆ ಉಜ್ಜಿ ಚಟಚಟ ಎಂದು ಕೂದಲು ಹಾರದಿರಲು ಒಳಗೆ ರೇಷ್ಮೆ ಬೇಕು. ಕಾಕಾನ ಮನೆಯವರು ತಮ್ಮ ಹಳೆಯ ರೇಷ್ಮೆ ಕುಬಸ ಕತ್ತರಿಸಿ ನನ್ನ ಟೊಪ್ಪಿಗೆಯ ಒಳಗೆ ಹೊಲಿದುಕೊಟ್ಟರು. ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಐದು ನಿಮಿಷ ಆ ಕುರ್ಚಿಯಲ್ಲಿ ಕೂತು ಏಳುವುದು ನನಗೆ ರೂಢಿಯಾಯಿತು. ರೊಟ್ಟಿ ತಟ್ಟುವ ಸದ್ದು ನಿಂತಿತು. ಈ ಐದು ನಿಮಿಷಕ್ಕೆ ಕಾಕಾ ನನ್ನಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. “ಇದು ಕಟಿಂಗ್ ಅಲ್ಲ, ದಾಢಿ ಅಲ್ಲ. ಬರೇ ಕೈ ಆಡಸೂದು” ಎನ್ನುವರು.

ನನ್ನ ಆ ಟೊಪ್ಪಿಗೆ ಕಂದು ಬಣ್ಣದ್ದು. ಅದು ಬಂದದ್ದು ಒಂದು ಮದುವೆಯಿಂದ. ನಮ್ಮ ಕಡೆ ಮದುವೆಗೆ ಬಂದ ಗಂಡಸರಿಗೆ ಟಾವೆಲ್ಲು, ಬಿಳಿ ಟೊಪ್ಪಿಗೆ ಆಹೇರಿಯೆಂದು ಉಡುಗೊರೆ ಕೊಡುವ ಪದ್ಧತಿ ಇದೆ. ಆ ಬಿಳಿ ಟೊಪ್ಪಿಗೆಯನ್ನು ಹೆಚ್ಚಿನವರು ಹಾಕುವುದಿಲ್ಲ. ಮಡಿಕೆ ಬಿಚ್ಚದೆ ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಕೈಗೆ ದಾಟಿಸುತ್ತಾರೆ. ಆ ಚಳಿಗಾಲದಲ್ಲಿ ಫಾಟಾದ ಹತ್ತಿರದ ಕಬ್ಬಿನ ಸಾಹುಕಾರರೊಬ್ಬರು, ಯಾರೂ ಹಾಕದ ಟೊಪ್ಪಿಗೆ ಯಾಕೆ ಕೊಡಬೇಕೆಂದು, ಮಗಳ ಮದುವೆಯಲ್ಲಿ ಕಂದು ಬಣ್ಣದ ಉಣ್ಣೆಯ ಮಂಕಿ ಟೊಪ್ಪಿಗೆ ಹಂಚಿದರು. ಒಂದೇ ವಾರದಲ್ಲಿ ಸುತ್ತಲಿನ ನಾಲ್ಕು ಊರಿನ ಗಂಡಸರ ತಲೆಗಳೆಲ್ಲ ಕಂದಾದವು. ಒಳಗೆ ರೇಷ್ಮೆ ಹೊಲಿಸಿಕೊಂಡ ಮೇಲೆ ನನ್ನದು ಮಾತ್ರ ಬೇರೆ ಎಂದು ನನಗೆ ಅನಿಸಿತ್ತು.

ಅದೇ ಚಳಿಗಾಲದಲ್ಲಿ ಮೊಬೈಲುಗಳಿಗೆ ವಿಡಿಯೋ ಬರತೊಡಗಿದವು. ಎಲ್ಲಿಯದೋ ಊರು, ಯಾವುದೋ ಭಾಷೆ, ಮುಖ ಮುಚ್ಚಿಕೊಂಡ ಒಬ್ಬ, ಅಳುವ ಒಂದು ಮಗು. ಮಕ್ಕಳ ಕಳ್ಳರು ಗಡಿ ದಾಟಿ ಬಂದಿದ್ದಾರೆ ಎಂಬ ಧ್ವನಿ. ಶಿಕ್ಷಕರ ಗುಂಪಿಗೂ ಅದು ಬಂತು. ಸುಳ್ಳಿರಬಹುದು ಎಂದು ನಾನು ಬರೆಯಲಿಲ್ಲ. ಹುಷಾರಾಗಿರುವುದು ಒಳ್ಳೆಯದು ಎಂದು ಬರೆದೆ. ರಸ್ತೆಯಲ್ಲಿ ನಿಂತ ಪ್ರತಿ ಅಪರಿಚಿತನನ್ನು ಗಾಡಿ ನಿಧಾನ ಮಾಡಿ ನೋಡತೊಡಗಿದೆ. ಎಲ್ಲರೂ ಹಾಗೇ ನೋಡುತ್ತಿದ್ದೆವು.

ಹೆಚ್ಚು ನೋಡಿಸಿಕೊಂಡವನು ಕೂದಲು ಕೊಳ್ಳುವವನು. ಹೆಂಗಸರು ಬಾಚಿ ಉಂಡೆ ಕಟ್ಟಿಟ್ಟ ಕೂದಲನ್ನು ತೆಗೆದುಕೊಂಡು, ಬದಲಿಗೆ ಪಿನ್ನು, ಬಲೂನು, ಸಣ್ಣ ಸ್ಟೀಲ್ ಬಟ್ಟಲು ಕೊಡುತ್ತ ಸೈಕಲ್ಲಿನ ಮೇಲೆ ಊರೂರು ತಿರುಗುವವನು. ಬಲೂನಿದ್ದಲ್ಲಿ ಮಕ್ಕಳು. ಕಾಕಾನಿಗೂ ಅವನನ್ನು ಕಂಡರೆ ಆಗುತ್ತಿರಲಿಲ್ಲ. “ಬ್ಯಾರೆಯವರ ಕೂದ್ಲಾ ಎಲ್ಲಿಗೆ ಒಯ್ತಾನ, ಏನ್ ಮಾಡ್ತಾನ, ಯಾರಿಗೆ ಗೊತ್ತೈತಿ? ಏ, ನನ್ನ ಅಂಗಡಿ ಮುಂದ ನಿಂದರಬ್ಯಾಡಲೇ” ಎಂದು ಅವನನ್ನು ಓಡಿಸಿದ್ದನ್ನು ನಾನೇ ನೋಡಿದ್ದೇನೆ.

ಆ ಬೆಳಿಗ್ಗೆ ದಟ್ಟ ಮಂಜು. ಫಾಟಾಕ್ಕೆ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಕಬ್ಬಿನ ಪಕ್ಕದಲ್ಲಿ ಒಬ್ಬ ಗಂಡಸು, ಕಂದು ಟೊಪ್ಪಿಗೆ, ಆರೇಳು ವರ್ಷದ ಹುಡುಗಿಯ ಮುಂಗೈ ಹಿಡಿದು ಬೇಗಬೇಗ ನಡೆಯುತ್ತಿದ್ದ. ಹುಡುಗಿ ಕೆನ್ನೆ ಒತ್ತಿ ಹಿಡಿದುಕೊಂಡು ಅಳುತ್ತಿದ್ದಳು. ನಾನು ನಿಲ್ಲಿಸಲಿಲ್ಲ. ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು ಹೇಳಿದೆ. ಹೇಳುವಾಗ ‘ಹಿಡಿದುಕೊಂಡು ನಡೆಯುತ್ತಿದ್ದ’ ಎಂಬುದು ‘ಎಳಕೊಂಡು ಹೋಗಾಕತ್ತಿದ್ದ’ ಎಂದಾಯಿತು. ಆ ಎರಡು ಮಾತಿನ ನಡುವಿನ ದೂರವನ್ನು ನಾನು ಎಷ್ಟು ರಾತ್ರಿ ಅಳೆದಿದ್ದೇನೋ.

ಕಾಕಾನ ಹೆಬ್ಬೆರಳು ನಿಂತಿತು. “ಮಾರಿ ನೋಡಿದ್ರ್ಯಾ?”

“ಇಲ್ಲ ಕಾಕಾ. ಕಂದು ಟೊಪ್ಪಿಗೆ ಇತ್ತು.”

“ಟೊಪಗಿ ನೋಡೀರಿ. ಹಂಗಂದ್ರ ಏನೂ ನೋಡಿಲ್ಲ.”

ಆದರೆ ಪಕ್ಕದ ಕುರ್ಚಿಯಲ್ಲಿ, ಡೇರಿಗೆ ಹಾಲು ಹಾಕಿ ದಾಢಿ ಮಾಡಿಸಿಕೊಳ್ಳಲು ಬಂದ ಒಬ್ಬ ಕೂತಿದ್ದ. ಅವನು ಮೊಬೈಲ್ ಕಿವಿಗಿಟ್ಟುಕೊಂಡು ಹೊರಗೆ ಹೋದ. ಆ ಫೋನು ಹೋದ ಅವನ ಓಣಿಯಲ್ಲಿ ಒಬ್ಬ ತಾಯಿ ಎದ್ದು ನೋಡಿದರೆ ಹಾಸಿಗೆಯಲ್ಲಿ ಮಗಳಿರಲಿಲ್ಲ. ಏಳು ಹತ್ತಕ್ಕೆ ರಸ್ತೆಯಿಂದ ಕೂಗು ಬಂತು: “ಸಿಕ್ಕಾನ! ಸಿಕ್ಕಾನ!”

ಮೂವತ್ತು ನಲವತ್ತು ಜನ. ನಡುವೆ ಕೂದಲು ಕೊಳ್ಳುವವನು, ಅವನ ಸೈಕಲ್ಲು. ಸೈಕಲ್ಲಿಗೆ ಕಟ್ಟಿದ್ದ ಚೀಲದಿಂದ ಕಂದು ಟೊಪ್ಪಿಗೆಯೊಂದನ್ನು ಎಳೆದು ಹಾಲಿನವನು ಎತ್ತಿ ಹಿಡಿದಿದ್ದ. ಹುಡುಗಿ ಮಾತ್ರ ಎಲ್ಲೂ ಇರಲಿಲ್ಲ. ಅದೇ ಅವರ ಸಿಟ್ಟಿಗೆ ಕಾರಣ. “ಎಲ್ಲಿ ಮುಚ್ಚಿಟ್ಟಿ ಹೇಳಲೇ!” ಕೊರಳಿಗೆ ಕಾಕಾನ ಬಿಳಿ ಬಟ್ಟೆ ಸುತ್ತಿಕೊಂಡೇ ನಾನು ಹೊರಗೆ ಬಂದೆ.

“ಸರ್, ನೀವು ನೋಡಿದಾಂವ ಇವನ ಏನ್ರಿ?”

ಎಲ್ಲರೂ ನನ್ನ ಕಡೆ ತಿರುಗಿದರು. ಕಲಿತವನ ಮಾತು ಬೇಕಾಗಿತ್ತು ಅವರಿಗೆ. ನಾನು ಆ ಮನುಷ್ಯನ ಮುಖ ನೋಡಲಿಲ್ಲ. ಹಾಲಿನವನ ಕೈ ನೋಡಿದೆ.

“ಹೌದು, ಇದೇ ಟೊಪ್ಪಿಗೆ” ಎಂದೆ.

‘ಹೌದು’ ಎಂದ ಮೇಲಿನ ಮಾತು ಯಾರಿಗೂ ಬೇಕಿರಲಿಲ್ಲ. ಮೊದಲ ಏಟು ಬಾಯಿಗೆ ಬಿತ್ತು. ಎರಡನೆಯದಕ್ಕೆ ಅವನು ಮೊಣಕಾಲೂರಿದ. ಕಾಲಿನಿಂದ ಪಕ್ಕೆಗೆ ಒದ್ದರು. “ನಾ ಅಲ್ರೀ ಯಪ್ಪಾ, ಮೈ ನಹೀಂ, ಮೀ ನಾಹೀ” ಎಂದು ತನಗೆ ಬರುವ ಮೂರೂ ಭಾಷೆಯಲ್ಲಿ ಅವನು ಹೇಳುತ್ತಿದ್ದ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವರು ಅವನನ್ನು ಕೊಲ್ಲುತ್ತಾರೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಕೊರಳಿನ ಬಟ್ಟೆಯ ಗಂಟು ಬಿಚ್ಚುತ್ತ ನಿಂತೆ.

ಕಾಕಾ ನನ್ನ ಪಕ್ಕದಿಂದ ದಾಟಿ ಹೋದರು. ಅವಸರ ಮಾಡಲಿಲ್ಲ, ಕೂಗಲೂ ಇಲ್ಲ. ಅಂಗಡಿಯಲ್ಲಿ ಗದ್ದಲ ಮಾಡುವವರಿಗೆ ಗದರಿಸುವ ಅದೇ ಧ್ವನಿ. “ಏ ಸರೀರಿ. ನನಗ ತಲಿ ನೋಡಾಕ ಬಿಡ್ರಿ.” ಅಲ್ಲಿದ್ದ ಒಂದೊಂದು ತಲೆಯೂ ಅವರ ಕೈಯಲ್ಲಿ ಬಗ್ಗಿದ್ದೇ. ರೂಢಿಯ ಮೇಲೆ ದಾರಿ ಬಿಟ್ಟರೋ ಏನೋ. ಅವರು ಕುಕ್ಕರಗಾಲಲ್ಲಿ ಕೂತು ಎರಡೂ ಕೈಯನ್ನು ಅವನ ತಲೆಯ ಮೇಲೆ ಇಟ್ಟರು. ಹಿಂದಿನಿಂದ ಬಡಿಗೆ ಬೀಸಿ ಬಂತು. ತಲೆಗೆಂದು ಬಂದದ್ದು ಕಾಕಾನ ಬಲ ಮುಂಗೈಗೆ ಬಿತ್ತು. ಒಣ ಕಡ್ಡಿ ಮುರಿದ ಸದ್ದು. ಅವರು ಕೈ ತೆಗೆಯಲಿಲ್ಲ.

“ಯಾರಲೇ ಅದು? ತಡಿ. ತಲಿ ಮ್ಯಾಲೆ ಮಂಜು ಕುಂತೈತಿ ನೋಡ್ರಿ. ಕೂದ್ಲಕ್ಕೊಂದ ಹನಿ. ಈಗ ತಾಸ ಹೊತ್ತಿನಿಂದ ಬರೇ ತಲೀಲೆ ತಿರಗ್ಯಾನ ಇಂವ. ಟೊಪಗಿ ಹಾಕ್ಕೊಂಡಿದ್ರ ಹನಿ ಎಲ್ಲಿಂದ ಬರತೈತಿ? ಹಣಿ ಮ್ಯಾಲೆ ಉಣ್ಣಿ ಗೆರಿ ಎಲ್ಲೈತಿ?” ಎಡಗೈಯಿಂದ ಹಾಲಿನವನ ಕೈಯೊಳಗಿನ ಟೊಪ್ಪಿಗೆ ಕಸಿದು ಒಳಗು ಹೊರಗು ಮಾಡಿದರು. ಹೆಂಗಸರ ಉದ್ದ ಕೂದಲಿನ ಉಂಡೆಗಳು ನೆಲಕ್ಕೆ ಬಿದ್ದವು. “ಇದರಾಗ ಸರಕ ತುಂಬ್ಯಾನ. ಇದನ್ನ ತಲಿಗಿ ಏರಿಸಿದ್ರ ಇವನ ತಲಿ ತುಂಬ ಎಳಿ ಹತ್ತಿರತಿದ್ದು. ಒಂದರ ಐತೇನು?”

“ಹಾಂಗಾದ್ರ ಇದು ಇವನ ಕಡೆ ಹೆಂಗ ಬಂತು?” ಎಂದ ಹಾಲಿನವನು.

ಕೆಳಗಿದ್ದವನು ರಕ್ತದ ಬಾಯಲ್ಲೇ ಹೇಳಿದ: “ಆಯಿ ಒಬ್ರು ಕೂದ್ಲಾ ಕೊಡುವಾಗ ಕೊಟ್ರು ರೀ. ಮನ್ಯಾಗ ನಾಕ ಅದಾವು, ಒಯ್ಯಪಾ ಅಂದ್ರು.”

ಕಾಕಾ ತಲೆ ಎತ್ತಿದರು. “ಟೊಪಗಿ ತೆಗೀರಿ. ಎಲ್ಲಾರೂ. ಈಗಿಂದೀಗ.”

ಒಬ್ಬ ತೆಗೆದ. ಇನ್ನೊಬ್ಬ ತೆಗೆದ. ಹದಿನೇಳು ಕಂದು ಟೊಪ್ಪಿಗೆಗಳು. ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ಎಣಿಸಿದ್ದೇನೆ. ಎಲ್ಲರ ಕೂದಲೂ ನೆತ್ತಿಗೆ ಒತ್ತಿಕೊಂಡು, ಕಿವಿಯ ಮೇಲೆ ಎದ್ದು, ಹಣೆಯ ಮೇಲೆ ಒಂದೇ ಥರದ ಕೆಂಪು ಗೆರೆ. ಕೊಲ್ಲಲು ಬಂದವರ ಹಾಗೆ ಅವರು ಈಗ ಕಾಣುತ್ತಿರಲಿಲ್ಲ. ನಿದ್ದೆಯಿಂದ ಎಬ್ಬಿಸಿ ನಿಲ್ಲಿಸಿದವರ ಹಾಗೆ ಒಬ್ಬರ ತಲೆ ಒಬ್ಬರು ನೋಡುತ್ತ ನಿಂತರು.

“ಮಾಸ್ತರ, ನಿಮ್ಮ ಕಿಸೇದಾಗ ಏನೈತಿ? ತೆಗೀರಿ.”

ನಾನು ತೆಗೆದೆ. ಹದಿನೆಂಟು.

“ಇವರೊಳಗ ಯಾರನ್ನ ನೋಡಿದ್ರಿ, ಹೇಳ್ರಿ ಈಗ.”

ಅಷ್ಟರಲ್ಲಿ ಕಬ್ಬಿಗೆ ನೀರು ಹಾಯಿಸಲು ಹೋಗಿದ್ದ ಹುಡುಗಿಯ ಅಜ್ಜ ಗದ್ದಲ ಕೇಳಿ ಕೆಸರುಗಾಲಲ್ಲಿ ಓಡಿಬಂದ. ಹುಡುಗಿಗೆ ರಾತ್ರಿಯೆಲ್ಲ ಹಲ್ಲುನೋವಂತೆ. ಸೋದರಮಾವನೇ ಅವಳನ್ನು ಬೆಳಗಿನ ಬಸ್ಸಿಗೆ ನಿಪ್ಪಾಣಿಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಅಜ್ಜನಿಗೆ ಹೇಳಿಯೇ ಹೋಗಿದ್ದ. ತಾಯಿಯನ್ನು ಎಬ್ಬಿಸುವುದು ಬೇಡವೆಂದು ಅಜ್ಜ ಸುಮ್ಮನೆ ಹೊಲಕ್ಕೆ ನಡೆದಿದ್ದ. ಎರಡು ನಿಮಿಷದಲ್ಲಿ ಫಾಟಾ ಖಾಲಿಯಾಯಿತು. ಹೋಗುವಾಗ ಎಲ್ಲರೂ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹೋದರು.

ಕೂದಲು ಕೊಳ್ಳುವವನಿಗೆ ಎರಡು ಪಕ್ಕೆಲುಬು ಮುರಿದಿದ್ದವು, ಮುಂದಿನ ಹಲ್ಲು ಹೋಗಿದ್ದವು. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಬದುಕಿಕೊಂಡ. ಕಾಕಾನ ಮುಂಗೈ ಮುರಿದಿತ್ತು. ಪೊಲೀಸರು ಬಂದು ಎಲ್ಲರ ಹೇಳಿಕೆ ತೆಗೆದುಕೊಂಡರು. ಆ ಹೇಳಿಕೆಗಳ ಪ್ರಕಾರ ಎಲ್ಲರೂ ಆಮೇಲೆ ಬಂದವರೇ. ನಾನೂ ಹೇಳಿದೆ: ನಾನು ಅಂಗಡಿಯೊಳಗೆ ಕೂತಿದ್ದೆ, ಯಾರನ್ನೂ ಗುರುತಿಸಲಿಲ್ಲ, ಟೊಪ್ಪಿಗೆಯ ಬಗ್ಗೆ ಮಾತ್ರ ಮಾತಾಡಿದೆ. ಹೇಳಿ ಸಹಿ ಮಾಡಿದೆ. ಕಾಕಾ ಬ್ಯಾಂಡೇಜಿನ ಕೈ ಕೊರಳಿಗೆ ತೂಗುಹಾಕಿಕೊಂಡು ಅಲ್ಲೇ ಬೆಂಚಿನ ಮೇಲಿದ್ದರು. ಕೇಳಿಸಿಕೊಂಡರು.

ಅವತ್ತಿನಿಂದ ನನ್ನ ನಿದ್ದೆ ಹೋಯಿತು. ಎರಡು ಗಂಟೆಗೋ ಮೂರು ಗಂಟೆಗೋ ಎಚ್ಚರವಾಗುತ್ತಿತ್ತು. ‘ಹೌದು’ ಎಂದು ಯಾರೋ ಹೇಳಿದ ಹಾಗೆ. ಶಾಲೆಯಲ್ಲಿ ಮಕ್ಕಳು ಪಿಸುಗುಟ್ಟಿದರೆ ನನ್ನ ಬಗ್ಗೆಯೇ ಎಂದುಕೊಳ್ಳುತ್ತಿದ್ದೆ. ಹಾಲಿನವನು ನಕ್ಕರೆ ಯಾಕೆ ನಕ್ಕ? ನಗದಿದ್ದರೆ ಯಾಕೆ ನಗಲಿಲ್ಲ? ಕಾಕಾ ಮಾತ್ರ ಮಾತೇ ಬಿಟ್ಟರು. ನಾನು ಹೋಗಿ ಕೂರುತ್ತಿದ್ದೆ, ಅವರು ಎಡಗೈಯಿಂದ ಬಾಚುತ್ತಿದ್ದರು. ಒಂದು ತಿಂಗಳು ಹೀಗೇ ನಡೆಯಿತು. ಒಂದು ದಿನ ನಾನು ಏಳಲು ಹೋದಾಗ ಭುಜದ ಮೇಲೆ ಕೈ ಇಟ್ಟು ಕೂರಿಸಿದರು.

“ಮಾಸ್ತರ, ಈ ಫಾಟಾದಾಗ ನಾ ಎಲ್ಲಾರ ಮ್ಯಾಲೂ ಸಂಶಯ ಪಟ್ಟೀನಿ. ನಿಮ್ಮ ಒಬ್ಬರ ಮ್ಯಾಲೆ ಪಟ್ಟಿದ್ದಿಲ್ಲ.”

ಅಷ್ಟೇ. ಬಟ್ಟೆ ಝಾಡಿಸಿ ಒಳಗೆ ಹೋದರು.

ಆ ಮುಂಗೈ ಕೊನೆಗೂ ನೆಟ್ಟಗಾಗಲಿಲ್ಲ. ಕತ್ತಿ ಹಿಡಿದರೆ ನಡುಗುತ್ತಿತ್ತು, ಹಾಗಾಗಿ ದಾಢಿ ಬಿಟ್ಟರು. ಎಡಗೈ ಕತ್ತರಿಯಲ್ಲಿ ಮಾಡುವಷ್ಟು ಮಾಡಿದರು. ಮರುವರ್ಷದ ಶ್ರಾವಣದಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅಂಗಡಿ ಈಗ ಮೊಬೈಲ್ ರಿಪೇರಿಯವನ ಕೈಯಲ್ಲಿದೆ. ಕಾಕಾನ ಮಣ್ಣಿಗೆ ಹೋದ ದಿನ ಫಾಟಾದ ಗಂಡಸರೆಲ್ಲ ಬರಿತಲೆಯಲ್ಲಿ ನಡೆದರು. ಬಡಿಗೆ ಬೀಸಿದವನೂ ಅವರೊಳಗಿದ್ದ. ಯಾರೆಂದು ನನಗೆ ಈವತ್ತಿಗೂ ಗೊತ್ತಿಲ್ಲ. ಕಾಕಾನಿಗೆ ಗೊತ್ತಿತ್ತು ಎಂಬ ಸಂಶಯ ನನಗಿದೆ. ಅವನ ಕೂದಲನ್ನೂ ಅವರು ಕೊನೆಯವರೆಗೆ ಕತ್ತರಿಸಿರಬೇಕು.

ಆದರೆ ಅದಕ್ಕೂ ಮುಂಚೆ, ಭುಜದ ಮೇಲೆ ಕೈ ಇಟ್ಟು ಅವರು ಆ ಮಾತು ಹೇಳಿದ ವಾರದಲ್ಲೇ, ನಾನು ಶಾಲೆಗೆ ರಜೆ ಹಾಕಿ ಠಾಣೆಗೆ ಹೊರಟೆ. ಕಾಕಾ ಕರೆಯದೆಯೇ ಬಂದು ಗಾಡಿಯ ಹಿಂದೆ ಕೂತರು. ಠಾಣೆಯಲ್ಲಿ ಹೇಳಿದೆ: ಮೊದಲಿನ ಹೇಳಿಕೆ ಸುಳ್ಳು. ಇವನೇ ಏನು ಎಂದು ಕೇಳಿದಾಗ ಹೌದು ಎಂದವನು ನಾನು. ನಾನು ಮುಖ ನೋಡಿರಲಿಲ್ಲ. ನಾನು ಹೌದು ಎಂದ ಮೇಲೆ ಮೊದಲ ಏಟು ಬಿತ್ತು.

ಬರೆದುಕೊಳ್ಳುತ್ತಿದ್ದ ಪೊಲೀಸರು ಪೆನ್ನು ಎತ್ತಿದರು. “ಸರ್, ಸುಮ್ಮ ಯಾಕ ಸಿಕ್ಕಿ ಬೀಳ್ತೀರಿ? ಯಾರೂ ನಿಮ್ಮ ಹೆಸರ ಹೇಳಿಲ್ಲ. ನೌಕರಿ ಮಾಡಾವ್ರು ನೀವು.”

“ಬರೀರಿ” ಎಂದೆ.

ಬರೆದರು. ಓದಿ ತೋರಿಸಿದರು. ಸಹಿ ಮಾಡಿದೆ. ಮುಂದೆ ಏನಾಗುತ್ತದೋ ಗೊತ್ತಿರಲಿಲ್ಲ; ಕೇಸು ಇನ್ನೂ ನಡೆಯುತ್ತಿದೆ, ನಾನು ಇನ್ನೂ ಕೋರ್ಟಿನ ತಾರೀಖಿಗೆ ಹೋಗಿಬರುತ್ತಿದ್ದೇನೆ. ವಾಪಸು ಬರುವಾಗ ಕಾಕಾ ದಾರಿಯುದ್ದಕ್ಕೂ ಕಬ್ಬಿನ ಲಾರಿಗಳನ್ನು ಬೈಯುತ್ತ ಬಂದರು. ಫಾಟಾದಲ್ಲಿ ಇಳಿದು, “ಊಟಾ ಮಾಡ್ರಿ ಮದಲ” ಎಂದರು.

ಮನೆಗೆ ಹೋಗಿ ಉಂಡೆ. ಒಂಬತ್ತಕ್ಕೆ ಮಲಗಿದವನು ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ನಡುವೆ ಒಂದು ಸಲವೂ ಎದ್ದಿರಲಿಲ್ಲ. ಅವ್ವ ನಂಬಲಾರದೆ ಎರಡು ಸಲ ಬಂದು, ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡಿ ಹೋಗಿದ್ದಳಂತೆ.